ಸಿಂದಗಿ ಬಜಾರಿನಲ್ಲಿ ನನ್ನ ಟೊಪಗಿ ಅಂಗಡಿ

ಮಂದಿಯ ತಲೆ ನಂಬಿ ಬದುಕುವವರ ಮುಂದೆ ದಿನಾ ಒಂದಿಲ್ಲೊಂದು ನಡೆಯುತ್ತಲೇ ಇರುತ್ತದೆ. ನಾನು ಯಲ್ಲಾಪುರ ಕಡೆಯ ಸಿದ್ದಿ ಹೆಣ್ಣು. ನಮ್ಮ ಹಿರಿಯರನ್ನು ಯಾವುದೋ ಕಾಲದಲ್ಲಿ ಆಫ್ರಿಕಾದಿಂದ ಹಡಗಿನಲ್ಲಿ ಹಿಡಿದು ತಂದರಂತೆ. ಬಣ್ಣ ಕಪ್ಪು, ಕೂದಲು ಗುಂಗುರು. ಎಪ್ಪತ್ತರ ದಶಕದಲ್ಲಿ, ರಸ್ತೆ ರೋಲರ್ ನಡೆಸುವ ಗಂಡನ ಹಿಂದೆ ಸಿಂದಗಿಗೆ ಬಂದೆ. ಅವರ ಕಾಲಿಗೆ ಪೆಟ್ಟಾಗಿ ಕೆಲಸ ನಿಂತಾಗ, ಹೊಲಿಗೆ ಮಷಿನ್ ಇಟ್ಟುಕೊಂಡು ಬಜಾರಿನಲ್ಲಿ ಟೊಪಗಿ ಅಂಗಡಿ ತೆರೆದೆ. ಗಂಡಸರ ಟೊಪಗಿಯನ್ನು ಹೆಂಗಸು ಹೊಲಿದು ಮಾರುವುದನ್ನು ಆ ಊರು ಕಂಡಿರಲಿಲ್ಲ. ನನ್ನಂಥ ಹೆಂಗಸನ್ನಂತೂ ಕಂಡೇ ಇರಲಿಲ್ಲ.

ಬಣ್ಣ

ಮೊದಮೊದಲು ಜನ ಟೊಪಗಿ ನೋಡಲು ಬರುತ್ತಿರಲಿಲ್ಲ, ನನ್ನನ್ನು ನೋಡಲು ಬರುತ್ತಿದ್ದರು. ಅಗರಖೇಡದ ಒಬ್ಬಾಕೆ ಗಂಡನಿಗೆಂದು ಬಿಳಿ ಟೊಪಗಿ ಆರಿಸಿದಳು. ಆಮೇಲೆ ನನ್ನ ಮುಂಗೈಯನ್ನು ಬೆರಳಿನಿಂದ ತಿಕ್ಕಿ ನೋಡಿ ಕೇಳಿದಳು: “ನಿನ್ನ ಬಣ್ಣ ಬಿಳಿ ಬಟ್ಟಿಗಿ ಹತ್ತೂದಿಲ್ಲ, ಹೌದಿಲ್ಲೊ?”

ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ, ಅವಳಿಗೆ ನಿಜಕ್ಕೂ ಚಿಂತೆ. ನಾನು ಟೊಪಗಿಯನ್ನು ಬೆಳಕಿಗೆ ಹಿಡಿದೆ. ಅದರ ಮೇಲೆ ಕೆಂಪಗೆ ಬೆರಳಿನ ಗುರುತುಗಳು ಮೂಡಿದ್ದವು. ಆಕೆ ಎಲೆ ಅಡಿಕೆ ಮೆದ್ದು, ಬಾಯಿ ಒರೆಸಿಕೊಂಡ ಕೈಯಲ್ಲೇ ಹಿಡಿದಿದ್ದಳು.

“ಅಯ್ಯ ನನ್ನವ್ವಾ,” ಎಂದು ತನ್ನ ಬೆರಳು ನೋಡಿಕೊಂಡಳು. “ನಿಂದು ಹತ್ತೂದಿಲ್ಲ. ನಂದ ಹತ್ತತೈತಿ!”

ಅಳತೆ

ಗಂಡಸರು ಬಂದರೂ ತಲೆ ಕೊಡುತ್ತಿರಲಿಲ್ಲ. ಹೆಂಗಸು ಟೇಪು ಹಿಡಿದು ಹಣೆ ಮುಟ್ಟಿದರೆ ಮರ್ಯಾದೆ ಏನಾಗಬೇಕು? ಅಂದಾಜಿನ ಮೇಲೆ ಹೊಲಿದವು ಸರಿಯಾಗಿ ಕೂರುತ್ತಿರಲಿಲ್ಲ. ಅಂಗಡಿ ಮುಚ್ಚುವುದೊಂದೇ ಬಾಕಿ.

ಮೋರಟಗಿಯ ಗೌಡರೊಬ್ಬರು ಉಪಾಯ ಹುಡುಕಿದರು. ಮನೆಯಲ್ಲಿ ಹೆಂಡತಿಯಿಂದ ದಾರದಲ್ಲಿ ಅಳತೆ ತೆಗೆಸಿ, ಗಂಟು ಹಾಕಿಸಿ ಕಳಿಸಿದರು. ದಾರದ ಉದ್ದ ನೋಡಿ ಬೆಚ್ಚಿದೆ. ಗೌಡರ ತಲೆ, ದೊಡ್ಡದೇ ಇರಬೇಕು ಎಂದು ಹಾಗೇ ಹೊಲಿದೆ. ಗಂಡ ಹೆಂಡತಿ ಇಬ್ಬರೂ ಒಯ್ಯಲು ಬಂದರು. ಗೌಡರು ತಲೆಗೆ ಸುತ್ತಿದ ರುಮಾಲು ತೆಗೆದಿಟ್ಟು ಟೊಪಗಿ ಹಾಕಿಕೊಂಡರೆ ಅದು ಮೂಗಿನ ತನಕ ಇಳಿಯಿತು.

“ಇದೇನ ಟೊಪಗೀನೋ, ಬುಟ್ಟೀನೋ?” ಗೌಡರು ಒಳಗಿನಿಂದಲೇ ಗುಡುಗಿದರು.

“ನೀವು ಕಳಿಸಿದ ದಾರದ್ದ ಅಳತಿ ಐತ್ರಿ ಗೌಡ್ರ,” ಎಂದೆ.

ಅವರ ಹೆಂಡತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. “ರುಮಾಲಿನ ಮ್ಯಾಲಿಂದನ ಹಿಡಿದ್ನಿರಿ. ಮಲಗಾಗೂ ನೀವು ಅದನ್ನ ತಗೀತಿರಲಿಲ್ಲ. ಒಳಗ ಇಷ್ಟ ಸಣ್ಣ ತಲಿ ಐತಿ ಅಂತ ನನಗ ಇವತ್ತ ಗೊತ್ತಾತು!”

ಗೌಡರು ಟೊಪಗಿ ತೆಗೆದು ಕುರ್ಚಿಯಲ್ಲಿ ಕುಳಿತರು. “ಇನ್ನೇನ ಮುಚ್ಚಿಡೂದೈತಿ? ಅಳತಿ ತಗೊ ಯವ್ವಾ.”

ಕೂದಲು

ಗೌಡರೇ ತಲೆ ಕೊಟ್ಟ ಸುದ್ದಿ ಹರಡಿದ ಮೇಲೆ ಅಂಗಡಿ ಉಳಿಯಿತು. ಇಂಡಿ, ಮುದ್ದೇಬಿಹಾಳದ ಸಂತೆಗೂ ನನ್ನ ಟೊಪಗಿಗಳು ಹೋಗತೊಡಗಿದವು. ಆದರೂ ನಾನು ತಲೆ ತುಂಬ ಸೆರಗು ಹೊದ್ದೇ ಕೂರುತ್ತಿದ್ದೆ. ಚಿಕ್ಕಂದಿನಿಂದ ಈ ಕೂದಲಿಗಾಗಿ ಕೇಳಿದ ಮಾತು ಒಂದೆರಡಲ್ಲ. ಬಸ್ಸಿನಲ್ಲಿ ಹಿಂದಿನ ಸೀಟಿನವರು ಎಳೆದು ನೋಡುತ್ತಿದ್ದರು.

ಒಂದು ದಿನ ಸೆಕೆಗೆ ಸೆರಗು ಸರಿಸಿ ಹೊಲಿಯುತ್ತಿದ್ದಾಗ ಬಸವನ ಬಾಗೇವಾಡಿಯ ಕಿರಾಣಿ ಸಾವುಕಾರರೊಬ್ಬರು ಬಂದರು. ಅವರ ತಲೆ ತಿಕ್ಕಿದ ತಂಬಿಗೆಯಂತೆ ಹೊಳೆಯುತ್ತಿತ್ತು. ನನ್ನ ಕೂದಲನ್ನೇ ನೋಡುತ್ತ ನಿಂತರು. ನಾನು ಸೆರಗು ಎಳೆದುಕೊಂಡೆ.

“ಮುಚ್ಚಬ್ಯಾಡವ್ವಾ,” ಎಂದರು, ದನಿಯಲ್ಲಿ ಆಸೆ. “ಇಷ್ಟ ದಟ್ಟ ಕೂದಲಾ ನಾ ಎಲ್ಲೂ ಕಂಡಿಲ್ಲ. ನೀ ಹೊಲಿದ ಟೊಪಗಿ ಹಾಕ್ಕೊಂಡ್ರ ನನಗೂ ಬರ್ತಾವು.”

“ಬರೂದಿಲ್ರಿ ಸಾವಕಾರ್ರ. ಇದು ನಮ್ಮವ್ವ ಕೊಟ್ಟಿದ್ದು, ಟೊಪಗಿ ಕೊಟ್ಟಿದ್ದಲ್ಲ.”

“ಗುಟ್ಟು ಯಾರ ಬಿಟ್ಟು ಕೊಡ್ತಾರ!” ಎಂದು ನಕ್ಕು, ಒಂದು ಕರಿ ಟೊಪಗಿ ಹಾಕಿಕೊಂಡೇ ಹೋದರು.

ಆ ಸಂಜೆ ಕನ್ನಡಿಯ ಮುಂದೆ ಬಹಳ ಹೊತ್ತು ನಿಂತಿದ್ದೆ. ಮರುದಿನದಿಂದ ಅಂಗಡಿಯಲ್ಲಿ ತಲೆ ಮುಚ್ಚಲಿಲ್ಲ.

ಮುಂದಿನ ಬೇಸಿಗೆಗೆ ಸಾವುಕಾರರು ತಿರುಗಿ ಬಂದರು. ಟೊಪಗಿ ಎಣ್ಣೆ ಕುಡಿದು, ಧೂಳು ಹಿಡಿದು ತಲೆಗೆ ಅಂಟಿಕೊಂಡಿತ್ತು. ಜಗಳಕ್ಕೇ ಬಂದಿದ್ದಾರೆ ಎಂದುಕೊಂಡೆ.

“ಕೂದಲಾ ಬಂದಾವೇನ್ರಿ?” ಅಂಜುತ್ತ ಕೇಳಿದೆ.

“ಯಾರಿಗಿ ಗೊತ್ತವ್ವಾ? ಹಾಕಿದ ದಿನದಿಂದ ತಗದ ಇಲ್ಲ. ತಗದ್ರ ಬಂದದ್ದೂ ಉದರೀತು ಅಂತ ಅಂಜಿಕಿ.” ಸುತ್ತ ನೋಡಿ ದನಿ ತಗ್ಗಿಸಿದರು. “ಆದ್ರ ಇದು ಭಾಳ ಹೊಲಸಾಗೇತಿ, ಮನ್ಯಾಗ ಒಳಗ ಬಿಟ್ಟುಕೊಳ್ಳವಲ್ರು. ಇದರ ಮ್ಯಾಲ ಹಾಕ್ಕೊಳ್ಳಾಕ ಇನ್ನೊಂದು ದೊಡ್ಡದು ಹೊಲದು ಕೊಡು.”