ಊಟದ ಮೇಜಿನ ಕೆಳಗೆ ಭಾವ

ನಮ್ಮ ಭಾವನಿಗೆ, ಅಂದರೆ ಅಕ್ಕನ ಗಂಡನಿಗೆ, ಮನುಷ್ಯರ ಮುಖ ಕಾಣುವುದೇ ಇಲ್ಲ. ತಲೆಯ ಸುತ್ತಳತೆ ಮಾತ್ರ ಕಾಣುತ್ತದೆ! ಮಾರೇನಹಳ್ಳಿಯ ಛತ್ರವೊಂದರಲ್ಲಿ ಎಲ್ಲರೂ ಮದುಮಗನ ಕೈ ಕುಲುಕಿ ಶುಭ ಕೋರುತ್ತಿದ್ದರೆ, ಇವರು ಪೇಟದ ಒಳಗಿನ ಅಳತೆ ಎಷ್ಟೆಂದು ವಿಚಾರಿಸಿದರು. ಆ ಹುಡುಗ ಇವತ್ತಿಗೂ ಅಕ್ಕನನ್ನು ಕಂಡರೆ ಅನುಕಂಪದಿಂದ ಮಾತಾಡಿಸುತ್ತಾನೆ.

ಅವರ ಉದ್ಯೋಗವೇ ಅಂಥದ್ದು. ಪೆಟ್, ಎಂಆರ್‌ಐ ಎಂಬ ಎರಡು ಸ್ಕ್ಯಾನನ್ನೂ ಒಟ್ಟಿಗೇ ಮಾಡುವ ಯಂತ್ರವಿದೆಯಲ್ಲ, ಅದರೊಳಗೆ ಮಲಗಿದವರ ತಲೆಗೆ ಬುಟ್ಟಿಯಂತೆ ಕವುಚುವ, ಕಾಯಿಲ್ ಎಂಬ ಸಾಧನವನ್ನು ವಿನ್ಯಾಸ ಮಾಡುತ್ತಾರೆ. ಅದು ತಲೆಯಿಂದ ದೂರವಾದರೆ ಎಂಆರ್‌ಐಗೆ ಸಿಗ್ನಲ್ ಸರಿಯಾಗಿ ಸಿಗುವುದಿಲ್ಲವಂತೆ. ದಪ್ಪವಾದರೆ ಪೆಟ್‌ನ ಕಿರಣಗಳನ್ನು ತಡೆಯುತ್ತದಂತೆ. ಹತ್ತಿರವೇ ಇರಬೇಕು, ಅಡ್ಡ ಬರಬಾರದು. ಅಳಿಯನಾದವನಿಗೂ ಇದೇ ನಿಯಮ ತಾನೆ? ಕಾಯಿಲಿಗೆ ಇಷ್ಟೆಲ್ಲ ಕಲಿಸಿದ ಮಹಾನುಭಾವರು ಪ್ರತಿ ಭಾನುವಾರ ಬಸವೇಶ್ವರನಗರದ ನಮ್ಮ ಅಡುಗೆಮನೆಯ ಬಾಗಿಲಿಗೆ ಅಡ್ಡಲಾಗಿ ನಿಂತು ಉಪನ್ಯಾಸ ಕೊಡುತ್ತಿದ್ದರು.

ಕಾಯಿಲ್ ಪರೀಕ್ಷೆಗೆ ಯಾರ ತಲೆ ಸಿಗುತ್ತದೆ ಹೇಳಿ? ಉಪ್ಪುನೀರು ತುಂಬಿದ ಬಾಟಲಿಯೇ ತಲೆ. ಒಮ್ಮೆ ಬ್ಯಾಡರಹಳ್ಳಿಯಿಂದ ಬಿಸಿಲಲ್ಲಿ ಬಂದ ನಮ್ಮ ಸೋದರಮಾವ ಭಾವನ ಮನೆಯಲ್ಲಿ ಅಂಥದ್ದೊಂದನ್ನು ಎತ್ತಿ ಗಟಗಟ ಕುಡಿದುಬಿಟ್ಟರು. ಅವರು ಮುಖ ಕಿವುಚಿಕೊಂಡು ಕೆಮ್ಮುತ್ತಿದ್ದರೆ ಭಾವನ ಸಂಕಟವೇ ಬೇರೆ.

"ಅದು ನೀರಲ್ಲ ಮಾವ, ತಲೆ. ಅರ್ಧ ಖಾಲಿ ಮಾಡ್ಬಿಟ್ರಲ್ಲ."

ಹೀಗಿರುವಾಗ ನಮ್ಮಮ್ಮನಿಗೆ ಮರೆವು ಶುರುವಾಯಿತು. ಒಲೆಯ ಮೇಲಿನ ಹಾಲು ಮರೆತರು, ಆಮೇಲೆ ಪಕ್ಕದ ರಸ್ತೆಯಿಂದ ಮನೆಗೆ ಬರುವ ದಾರಿ ಮರೆತರು. ಡಾಕ್ಟರು ಬರೆದುಕೊಟ್ಟದ್ದು ಇದೇ ಸ್ಕ್ಯಾನು! ಆದರೆ ಮುಖದ ಮೇಲೆ ಬುಟ್ಟಿ ಇಳಿಯುತ್ತಿದ್ದಂತೆ ಅಮ್ಮ ಎದ್ದು ಬಂದುಬಿಟ್ಟರು. ಉಸಿರು ಕಟ್ಟಿತಂತೆ. ಅದಕ್ಕಿಂತ ಹೆಚ್ಚಾಗಿ, ಬುಟ್ಟಿಯೊಳಗೆ ತಲೆ ಕೂರಲೆಂದು ಕಂಡವರ ಮುಂದೆಲ್ಲ ತುರುಬು ಬಿಚ್ಚಿಸುವುದೆಂದರೇನು? ಕಾಯಿಲೆ ಏನೆಂದು ಗೊತ್ತಾಗದೆ ಔಷಧಿ ಶುರುವಾಗುವಂತಿರಲಿಲ್ಲ. ಬೈದೆವು, ಬೇಡಿಕೊಂಡೆವು. ಅಮ್ಮ ಜಗ್ಗಲಿಲ್ಲ.

ಮುಂದಿನ ಭಾನುವಾರ ಭಾವ ಉಪನ್ಯಾಸ ಕೊಡಲಿಲ್ಲ. ನಮ್ಮ ಊಟದ ಮೇಜಿನ ಕೆಳಗೆ ಚಾಪೆ ಹಾಸಿ, ಒಂದು ಪ್ಲಾಸ್ಟಿಕ್ ತರಕಾರಿ ಬುಟ್ಟಿಗೆ ಕಣ್ಣಿನ ಜಾಗದಲ್ಲಿ ಕಿಟಕಿ ಕೊರೆದು, ಅದನ್ನು ಮುಖಕ್ಕೆ ಕವುಚಿಕೊಂಡು ಮಲಗಿದರು. ಪಕ್ಕದಲ್ಲಿ ಮೊಬೈಲು ಟಕಟಕ ಟರ್ರೆಂದು ಸ್ಕ್ಯಾನಿಂಗ್ ಸದ್ದು ಮಾಡುತ್ತಿತ್ತು. ಗ್ಯಾಸ್ ಸಿಲಿಂಡರ್ ತಂದವನು ಒಂದು ಕ್ಷಣ ನೋಡಿ, ಸಿಲಿಂಡರನ್ನು ಹೊಸ್ತಿಲಲ್ಲೇ ಇಟ್ಟು ಹೊರಟುಹೋದ. ಅಳಿಯಂದಿರ ಎದುರು ಕಾಲು ಚಾಚಿ ಕೂತವರೂ ಅಲ್ಲ ನಮ್ಮಮ್ಮ. ಅಂಥ ಅಳಿಯ ನೆಲದ ಮೇಲೆ ಬಿದ್ದಿರುವುದನ್ನು ಕಂಡು ಕಂಗಾಲಾಗಿ, ಏಳಿ ಏಳಿ ಎಂದು ಗೋಗರೆದರು.

"ನೀವೊಂದ್ಸಲ ಮಲಗಿ ಅತ್ತೆ, ಆಮೇಲೆ ಏಳ್ತೀನಿ," ಎಂದಿತು ಬುಟ್ಟಿ.

ಮಾನ ಉಳಿಸಿಕೊಳ್ಳಲು ಅಮ್ಮ ಮೊದಲು ತಲೆಯಷ್ಟೇ ತೂರಿಸಿದರು. ಆಮೇಲಾಮೇಲೆ ಅಲ್ಲೇ ಮಧ್ಯಾಹ್ನದ ನಿದ್ದೆಯೂ ನಡೆಯತೊಡಗಿತು. ತುರುಬು ಮಾತ್ರ ಬಿಚ್ಚಲಿಲ್ಲ.

ಮತ್ತೆ ಆಸ್ಪತ್ರೆಗೆ ಹೋದಾಗ, ಸ್ಕ್ಯಾನಿಂಗ್ ಕೋಣೆಯ ಬಾಗಿಲಲ್ಲಿ ನರ್ಸ್ ತುರುಬಿನ ಪಿನ್ನು ತೆಗೆಯಲು ಹೇಳಿದಳು. ನಾನೂ ಅಕ್ಕನೂ ಕೈ ಚಾಚಿದೆವು. ಅಮ್ಮ ಒಂದೊಂದೇ ಪಿನ್ನು ಕಿತ್ತು, ನಮ್ಮಿಬ್ಬರನ್ನೂ ದಾಟಿ, ಹಿಂದೆ ನಿಂತಿದ್ದ ಭಾವನ ಅಂಗೈಗೆ ಹಾಕಿದರು. ಬಿಳಿ ಕೂದಲು ಬೆನ್ನ ಮೇಲೆ ಇಳಿಯಿತು. ತಲೆಗೆ ಸೆರಗು ಕೂಡ ಹೊದೆಯದೆ ಒಳಗೆ ಹೋದರು.

ಎಷ್ಟೋ ಹೊತ್ತಿನ ಮೇಲೆ ನರ್ಸ್ ಬಾಗಿಲು ತೆರೆದು, ಎಲ್ಲ ಚೆನ್ನಾಗಿ ಬಂತೆಂದೂ ಅಜ್ಜಿ ಒಳಗೆ ನಿದ್ದೆ ಮಾಡಿಬಿಟ್ಟಿದ್ದಾರೆಂದೂ ಹೇಳಿದಳು. ಭಾವ ಮುಷ್ಟಿ ಬಿಚ್ಚಿದರು. ಪಿನ್ನುಗಳು ಒತ್ತಿ ಅಂಗೈ ಕೆಂಪಾಗಿತ್ತು. ಏನಾದರೂ ಹೇಳಬೇಕಲ್ಲ ಎಂದು, ಒಳಗಿರುವ ಕಾಯಿಲ್ ನಿಮ್ಮದೇನಾ ಎಂದು ಕೇಳಿದೆ.

"ಅಲ್ಲ ಕಣೋ," ಎಂದು ಕಣ್ಣೊರೆಸಿಕೊಂಡರು. "ನಂದಾಗಿದ್ರೆ ತುರುಬಿಗೆ ಜಾಗ ಬಿಡ್ತಿದ್ದೆ."