ನಾವಿಬ್ಬರೇ ಹೋದ ದ್ವೀಪ

ಕೊಟ್ಟ ಮಾತಿಗೆ ತಪ್ಪುವ ಜಾಯಮಾನ ನನ್ನದಲ್ಲ! ಬೇಕಾದರೆ ದೊಡ್ಡಬಳ್ಳಾಪುರದ ನಮ್ಮ ನೇಕಾರರ ಬೀದಿಗೆ ಬಂದು "ರಾಜೇಂದ್ರ ಎಂಥ ಮನುಷ್ಯ?" ಎಂದು ಯಾರನ್ನಾದರೂ ಕೇಳಿ. "ಹೇಳಿದ್ದು ಮಾಡ್ತಾನೆ" ಎನ್ನುತ್ತಾರೆ. ಯಾರು ಹೇಳಿದ್ದು ಎಂದು ಮಾತ್ರ ದಯವಿಟ್ಟು ಕೇಳಬೇಡಿ.

ಇಂಥ ನಾನು ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬುವ ಸಂದರ್ಭದಲ್ಲಿ ಒಂದು ಘೋರ ಪ್ರತಿಜ್ಞೆ ಮಾಡಿದೆ. ಹೆಂಡತಿ ನಾಗಲಕ್ಷ್ಮಿಯನ್ನು, ಅವಳೊಬ್ಬಳನ್ನೇ, ನಾಲ್ಕು ಕಡೆಯೂ ನೀರಿರುವ ಒಂದು ದ್ವೀಪಕ್ಕೆ ಕರೆದುಕೊಂಡು ಹೋಗಿಯೇ ತೀರುತ್ತೇನೆ!

ಇದಕ್ಕೆ ಕಾರಣ ಅವಳೇ. ಮಹಡಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದಳು. ನಾನು ಮಹಾರಾಜನ ಗತ್ತಿನಲ್ಲಿ ಹೋಗಿ ನಿಂತೆ.

"ಕೇಳು ನಾಗು, ಏನು ಬೇಕು? ಸರ ಮಾಡಿಸ್ಲಾ? ಬಳೆ ಮಾಡಿಸ್ಲಾ?"

ದೇವನಹಳ್ಳಿಯ ವಿಮಾನ ನಿಲ್ದಾಣ ನಮಗೆ ಕೂಗಳತೆಯಲ್ಲಿದೆ. ದಿನ ಬೆಳಗಾದರೆ ವಿಮಾನಗಳ ಹೊಟ್ಟೆ ನೋಡುವ ಭಾಗ್ಯ ನಮ್ಮದು. ಒಳಗೆ ಕೂತವರು ಯಾರೂ ನಮ್ಮ ಮನೆಯಲ್ಲಿಲ್ಲ. ಅವಳು ತಲೆಯೆತ್ತಿ, ಹೋಗುತ್ತಿದ್ದ ಒಂದು ವಿಮಾನ ನೋಡಿದಳು.

"ಏನೂ ಬೇಡ ರೀ. ಒಂದ್ಸಲ ನಾವಿಬ್ರೇ ಎಲ್ಲಾದ್ರೂ ಹೋಗ್ಬರೋಣ. ನಾವಿಬ್ರೇ."

ಕೇಳುವುದಕ್ಕೆ ಚಿಕ್ಕ ಆಸೆ. ಆದರೆ ನಮ್ಮ ವಂಶದಲ್ಲಿ ಗಂಡ ಹೆಂಡತಿ ಇಬ್ಬರೇ ಎಲ್ಲಿಗಾದರೂ ಹೋದ ಉದಾಹರಣೆಯೇ ಇಲ್ಲ. ಹೊಸದಾಗಿ ಮದುವೆಯಾಗಿ ಊಟಿಗೆ ಹೋದಾಗ ನಮ್ಮಮ್ಮ ಬಂದಿದ್ದರು, ಸೋದರತ್ತೆ ಬಂದಿದ್ದರು, ಅತ್ತೆಯ ಮಂಡಿನೋವಿನ ಎಣ್ಣೆಯೂ ಬಂದಿತ್ತು. ಊಟಿಯ ಚಳಿಗೆ ಅತ್ತೆಯ ಮಂಡಿ ಹಿಡಿದುಕೊಂಡಿತು. ನನ್ನ ಹೊಸ ಹೆಂಡತಿ ಊಟಿಯಲ್ಲಿ ಕಣ್ತುಂಬ ನೋಡಿದ್ದು ಆ ಮಂಡಿಯನ್ನೇ!

ಹಾಗಾಗಿ ನನಗೆ ದ್ವೀಪ ಹೊಳೆಯಿತು. ನೆಲದ ಮೇಲಿರುವ ಯಾವ ಊರಿಗಾದರೂ ನಮ್ಮ ನೆಂಟರು ಬಂದು ಮುಟ್ಟುತ್ತಾರೆ. ಸುತ್ತ ಸಮುದ್ರವಿದ್ದರೆ ಹೇಗೆ ಬರುತ್ತಾರೆ? ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡು, ಬಸ್‌ಸ್ಟ್ಯಾಂಡಿನ ಬಳಿ ಟ್ರಾವೆಲ್ಸ್ ಇಟ್ಟಿರುವ ಕೆಂಪರಾಜನ ಹತ್ತಿರ ಗುಟ್ಟಾಗಿ ಹೋದೆ.

"ಲಕ್ಷದ್ವೀಪ ಹಾಕ್ಲಾ ಅಣ್ಣಾ? ಪುಟಾಣಿ ದ್ವೀಪ. ತೆಂಗಿನ ಮರ, ಬೆಳ್ಳಗಿರೋ ಮರಳು, ಗಾಜಿನಂಥ ನೀರು."

"ಅಲ್ಲಿ ನಮ್ಮ ನೆಂಟ್ರು ಯಾರಾದ್ರೂ ಇದಾರಾ?"

"ಅಲ್ಯಾಕಣ್ಣಾ ಇರ್ತಾರೆ?"

"ಹಾಗಾದ್ರೆ ಹಾಕು ಗುರು!"

ಇನ್ನು ಉಳಿದದ್ದು ಗುಟ್ಟು ಕಾಪಾಡುವ ಕೆಲಸ. ನಮ್ಮಮ್ಮ ಅಮ್ಮಯಮ್ಮನವರಿಗೆ ಕನ್ನಡಕ ಬಂದಿದೆ, ಕೋಲು ಬಂದಿದೆ, ಕಿವಿಗೆ ಮಾತ್ರ ವಯಸ್ಸಾಗಿಲ್ಲ. ಎದುರು ಮನೆಯಲ್ಲಿ ನಾಗುವಿನ ಅಣ್ಣ ವೆಂಕಟರಾಮಪ್ಪ ಭಾವ ಇದ್ದಾರೆ. ಅವರಿಗೆ ನಮ್ಮ ಮನೆಯ ಒಗ್ಗರಣೆಯ ವಾಸನೆಯಿಂದಲೇ ನೆಂಟರು ಬಂದಿದ್ದು ಗೊತ್ತಾಗುತ್ತದೆ. ಹೀಗಾಗಿ ನಾನು ಕಂಡುಕೊಂಡ ಜಾಗ ನಮ್ಮ ಮಗ್ಗದ ಮನೆ. ಪವರ್‌ಲೂಮ್‌ಗಳು ಓಡುತ್ತಿದ್ದರೆ ಪಕ್ಕದಲ್ಲಿ ಸಿಡಿಲು ಬಡಿದರೂ ಕೇಳಿಸದು. ಬೀದಿಯ ಎಲ್ಲ ಮನೆಯಲ್ಲೂ ಅದೇ ಸದ್ದು. ನಾವು ನೇಕಾರರು ಒಬ್ಬರ ಕಿವಿಗೆ ಇನ್ನೊಬ್ಬರು ಬಾಯಿಟ್ಟು, ಗಂಟಲು ಹರಿಯುವಂತೆ ಕಿರುಚಿಯೇ ಸಂಸಾರ ಮಾಡುವವರು. ಇಲ್ಲಿ ಆಡಿದ ಗುಟ್ಟು ಇಲ್ಲೇ ಉಳಿಯುತ್ತದೆ ಎಂದುಕೊಂಡೆ.

ಕೆಲವು ದಿನ ನಿಜವಾಗಿಯೂ ಚೆನ್ನಾಗಿತ್ತು. ನಾಗು ಕಂಡಿಕೆಗೆ ನೂಲು ಸುತ್ತುವ ನೆಪದಲ್ಲಿ ಬರುವಳು.

"ಅಲ್ಲಿ ಬರಿಗಾಲಲ್ಲಿ ನಡೀಬೋದೇನ್ರೀ?" ಎಂದು ಕಿರುಚುವಳು.

"ನಡೀಬೋದು ಕಣೇ!"

"ಒಂದು ಚೂಡಿದಾರ ತಗೊಂಡಿದೀನಿ! ಸೀರೆ ನೇಯೋನ ಹೆಂಡ್ತಿ ಅಂತ ಅಲ್ಲಿ ಯಾರಿಗ್ ಗೊತ್ತಾಗತ್ತೆ!"

ಹೇಳಿ ಅವಳು ನಕ್ಕಳು. ಅಷ್ಟು ಸದ್ದಿನಲ್ಲಿ ನಗು ಕೇಳಿಸಲಿಲ್ಲ, ಕಂಡಿತು. ಅವಳು ಹಾಗೆ ನಕ್ಕು ಬಹಳ ಕಾಲವಾಗಿತ್ತು, ನನಗೆ ತುಂಬ ಸಂತೋಷವಾಯಿತು.

ಒಂದು ಮಂಗಳವಾರ ಅವಳು ಕಿವಿಗೆ ಬಾಯಿಟ್ಟು, "ಅತ್ತೆಗೆ ಏನ್ ಹೇಳ್ತೀರಾ?" ಎಂದಳು. ಎಲ್ಲ ಯೋಚಿಸಿಟ್ಟುಕೊಂಡಿದ್ದ ನಾನು ಎದೆ ತುಂಬ ಉಸಿರೆಳೆದುಕೊಂಡೆ.

"ಸೂರತ್ತಿಗೆ ನೂಲು ನೋಡಕ್ ಹೋಗ್ತಿದೀವಿ ಅಂತ ಸುಳ್ಳು ಹೇಳಿ..."

ಸರಿಯಾಗಿ ಅಲ್ಲಿ ಕರೆಂಟು ಹೋಯಿತು! ನಮ್ಮ ಮಗ್ಗ ನಿಂತಿತು, ಪಕ್ಕದ ಮನೆಯದು ನಿಂತಿತು, ಬೀದಿಗೆ ಬೀದಿಯೇ ಒಮ್ಮೆಲೇ ತಣ್ಣಗಾಯಿತು. ನನ್ನ ಬಾಯಿ ಕರೆಂಟಿನಿಂದ ಓಡುವುದಲ್ಲವಲ್ಲ! ಅದು ಅದೇ ವೇಗದಲ್ಲಿ ಮುಂದುವರಿಯಿತು.

"...ಮುದುಕೀನ ನಿಮ್ಮಣ್ಣನ ಮನೇಲಿ ತಳ್ಳಿ, ನಾವಿಬ್ರೇ ದ್ವೀಪಕ್ಕೆ ಓಡ್ಹೋಗೋಣ!"

 ಪಕ್ಕದ ಮನೆಯ ಆದಿನಾರಾಯಣಪ್ಪನವರ ದನಿ ಗೋಡೆಯಾಚೆಯಿಂದ ಬಂತು. "ಯಾವ ದ್ವೀಪ ರಾಜೇಂದ್ರ?"

ನಮ್ಮಮ್ಮ ಬಾಗಿಲಲ್ಲಿ ನಿಂತಿದ್ದರು. ಬೈದಿದ್ದರೆ ನಾನು ಬದುಕುತ್ತಿದ್ದೆ. ಅವರು ಬೈಯಲಿಲ್ಲ.

"ಓಡ್ಹೋಗಪ್ಪಾ. ತಳ್ಳಿದ್ ಕಡೆ ಬಿದ್ದಿರ್ತೀನಿ. ಇನ್ನೆಷ್ಟು ದಿನ ನಂದು?"

ಮಧ್ಯಾಹ್ನ ಅಮ್ಮ ಮುದ್ದೆ ಮುಟ್ಟಲಿಲ್ಲ. ಘೋರ ಪ್ರತಿಜ್ಞೆಯ ವೀರನಾದ ನಾನು ಏನು ಮಾಡಿದೆ ಎನ್ನುತ್ತೀರಿ? "ಅಯ್ಯೋ, ನಿನ್ನ ಬಿಟ್ಟು ಹೋಗ್ತೀನೇನಮ್ಮಾ? ನೀನೂ ಬಾ!" ಎಂದುಬಿಟ್ಟೆ. ಅಮ್ಮ ಕೂಡಲೇ ತಟ್ಟೆ ಎಳೆದುಕೊಂಡರು. ಸಾರು ಬಡಿಸುತ್ತಿದ್ದ ನಾಗು ನನ್ನ ಮುಖ ನೋಡಿದಳು. ನಾನು ಸಾರು ನೋಡಿದೆ.

ಸಂಜೆ ಭಾವ ಬಂದರು.

"ಏನಪ್ಪಾ, ನಮ್ಮನೆ ಏನು ಗೋಡೌನಾ, ನಿಮ್ಮಮ್ಮನ್ನ ತಂದು ತಳ್ಳೋಕೆ?"

"ಹಾಗಲ್ಲ ಭಾವ..."

"ಹೋಗ್ಲಿ, ನಮಗೊಂದ್ ಮಾತು ಹೇಳ್ಬಾರ್ದಾ? ನಾವೇನು ಸಮುದ್ರ ಕುಡ್ದುಬಿಡ್ತಿದ್ವಾ?"

"ನೀವೂ ಬನ್ನಿ ಭಾವ!"

ಭಾವ ಎಂದರೆ ಅವರ ಹೆಂಡತಿ, ಹೆಂಡತಿಯ ತಂಗಿ, ತಂಗಿಯ ಮಕ್ಕಳು. ಗೋಡೆಯಾಚೆಯಿಂದ ಕೇಳಿಸಿಕೊಂಡ ತಪ್ಪಿಗೆ ಆದಿನಾರಾಯಣಪ್ಪನವರೂ ಸೇರಿಕೊಂಡರು.

ಜನ ಹೆಚ್ಚಿದ ಹಾಗೆಲ್ಲ ದ್ವೀಪ ಹತ್ತಿರ ಬರತೊಡಗಿತು. "ಉಪ್ಪು ನೀರಲ್ಲಿ ಬೇಳೆ ಬೇಯತ್ತೇನೋ?" ಎಂದು ಅಮ್ಮ ಕೇಳಿದರು. ಅಡುಗೆಯನ್ನು ನಾವೇ ಮಾಡಿಕೊಳ್ಳೋಣ ಎಂದಾಯಿತು. ವಿಮಾನದಲ್ಲಿ ಗ್ಯಾಸ್ ಸ್ಟವ್ ಬಿಡುವುದಿಲ್ಲ ಎಂದು ಕೆಂಪರಾಜ ಹೇಳಿದ, ವಿಮಾನ ಬಿಟ್ಟೆವು. ಹಡಗೆಂದರೆ ಅಮ್ಮನಿಗೆ ಎದೆ ನಡುಕ, ಲಕ್ಷದ್ವೀಪ ಬಿಟ್ಟೆವು. ಮಲ್ಪೆಯ ಹತ್ತಿರ ಒಂದು ದ್ವೀಪವಿದೆ ಎಂದೆ. ಘಾಟಿಯ ತಿರುವಿನಲ್ಲಿ ಭಾವನ ಹೆಂಡತಿಗೆ ವಾಂತಿಯಾಗುತ್ತದಂತೆ, ಅದನ್ನೂ ಬಿಟ್ಟೆವು. ಕೊನೆಗೆ ಭಾವನೇ ಪರಿಹಾರ ಕೊಟ್ಟರು.

"ದ್ವೀಪ ತಾನೇ? ಶ್ರೀರಂಗಪಟ್ಟಣಕ್ಕೆ ಹೋಗೋಣ! ಸುತ್ತ ಕಾವೇರಿ, ಅದೂ ದ್ವೀಪಾನೇ. ಸೇತುವೆ ಇದೆ, ಟಿಟಿ ಗಾಡಿ ಸೀದಾ ಒಳಗೇ ಹೋಗತ್ತೆ. ರಂಗನಾಥನ ದರ್ಶನಾನೂ ಆಗತ್ತೆ!"

ಎಲ್ಲರೂ ಚಪ್ಪಾಳೆ ತಟ್ಟಿದರು. ನಾಚಿಕೆ ಬಿಟ್ಟು ಹೇಳುತ್ತೇನೆ, ನಾನೂ ತಟ್ಟಿದೆ.

ನಾಗು ಚೂಡಿದಾರವನ್ನು ಅಂಗಡಿಗೆ ವಾಪಸು ಕೊಟ್ಟು ಬಂದಳು. ಆ ದಿನ ಅಡುಗೆ ಮನೆಯಲ್ಲಿ ಮೆಲ್ಲಗೆ ಕೇಳಿದಳು.

"ರೀ, ನಾನು ಬರ್ದಿದ್ರೆ ನಡಿಯತ್ತಾ?"

"ಥೂ, ಏನ್ ಮಾತೂಂತ ಆಡ್ತೀಯಾ! ನೀನೇ ಬರ್ದಿದ್ರೆ ಪುಳಿಯೋಗರೆ ಯಾರು ಮಾಡ್ತಾರೆ?"

ಇದನ್ನು ನಾನು ಪ್ರೀತಿಯಿಂದಲೇ ಹೇಳಿದ್ದು. ಈಗ ನೆನೆಸಿಕೊಂಡರೆ ಹಲ್ಲು ಕಚ್ಚಿಕೊಳ್ಳುವ ಹಾಗಾಗುತ್ತದೆ.

ಭಾನುವಾರ ಟೆಂಪೊ ಟ್ರಾವೆಲರ್ ಬಂತು. ಕೆಂಪರಾಜನೇ ಡ್ರೈವರು. "ಹನಿಮೂನ್ ಪಾರ್ಟಿ ಎಲ್ರೂ ಹತ್ಕೊಳ್ಳಿ!" ಎಂದ. ಅಮ್ಮ ಮುಂದಿನ ಸೀಟಿನಿಂದ "ರಾಜಾ, ನನ್ ಪಕ್ಕ ಕೂತ್ಕೊಳೋ, ತಲೆ ತಿರುಗತ್ತೆ" ಎಂದರು. ಕೂತೆ. ನಾಗು ಕೊನೆಯ ಸಾಲಿನಲ್ಲಿ ಕಿಟಕಿಗೆ ಕೂತಳು. ಅವಳ ಪಕ್ಕದ ಸೀಟಿನಲ್ಲಿ ಪುಳಿಯೋಗರೆ ತುಂಬಿದ ದೊಡ್ಡ ದಬರಿ. ಚೆಲ್ಲದಂತೆ ಅದರ ಕಂಠ ಹಿಡಿದುಕೊಂಡೇ ಅವಳು ಇಡೀ ದಾರಿ ಸವೆಸಿದಳು. ನಾನು ಹಿಂದೆ ತಿರುಗಿದಾಗಲೆಲ್ಲ ಅವಳು ಕಿಟಕಿಯಾಚೆ ನೋಡುತ್ತಿದ್ದಳು.

ದರ್ಶನವಾಯಿತು, ಊಟವಾಯಿತು. ಸಂಗಮದ ಮೆಟ್ಟಿಲ ಮೇಲೆ ಎಲ್ಲರೂ ಕಾಲು ನೀರಿಗೆ ಬಿಟ್ಟು ಕೂತಾಗ ನಾನು ಅವಳ ಹತ್ತಿರ ಹೋಗಿ ಎದೆಯುಬ್ಬಿಸಿದೆ.

"ನೋಡಿದ್ಯಾ ನಾಗು? ದ್ವೀಪಕ್ಕೆ ಕರ್ಕೊಂಡ್ ಹೋಗ್ತೀನಿ ಅಂದೆ, ಕರ್ಕೊಂಡ್ ಬಂದೆ!"

"ದ್ವೀಪ ನಾನ್ ಕೇಳಿದ್ನಾ?" ಎಂದಳು.

ಅಷ್ಟೇ. ಎದ್ದು ಎಂಜಲು ಎಲೆಗಳನ್ನು ಒಟ್ಟು ಮಾಡಲು ಹೋದಳು. ನಾನು ಅಲ್ಲೇ ಕೂತೆ. ಅವಳು ಕೇಳಿದ್ದ ಎರಡು ಮಾತಿನಲ್ಲಿ ದ್ವೀಪ ಎಲ್ಲಿತ್ತು? ಅದನ್ನು ತಂದವನು ನಾನು, ಅವಳು ಕೇಳಿದ್ದನ್ನು ಮನೆಯಲ್ಲೇ ಕೈಬಿಟ್ಟು ಬಂದವನೂ ನಾನು. 

ಸಂಜೆ ಗಾಡಿ ಹೊರಟಿತು. ಸೇತುವೆ ದಾಟುತ್ತಲೇ ನಾನು ಜೀವಮಾನದ ಧೈರ್ಯವನ್ನೆಲ್ಲ ಒಟ್ಟುಗೂಡಿಸಿ ಎದ್ದು ನಿಂತೆ.

"ಅಮ್ಮಾ, ನಾನು ಹಿಂದೆ ನಾಗು ಪಕ್ಕ ಕೂತ್ಕೋತೀನಿ!"

"ನಾಗು ಪಕ್ಕಾನಾ? ಯಾಕೋ, ಹುಷಾರಿಲ್ವಾ ಅವಳಿಗೆ?" ಎಂದರು ಅಮ್ಮ. ನಾನು ಎದ್ದದ್ದೇ ತಡ, ಮಂಡಿ ಹಿಡಿದಿದೆ ಎಂದು ಭಾವ ಬಂದು ನನ್ನ ಸೀಟಿನಲ್ಲಿ ಕೂತರು. ಅವರ ಸೀಟಿನಲ್ಲಿ ಮಕ್ಕಳು ಕಾಲು ಚಾಚಿ ಮಲಗಿದವು. ಹೋದರೆ ಹೋಗಲಿ! ಯುದ್ಧ ಗೆದ್ದವನಂತೆ ಓಲಾಡುತ್ತ ಕೊನೆಯ ಸಾಲಿಗೆ ನಡೆದೆ.

ಸೀಟಿನ ಮೇಲೆ ದಬರಿ ಇತ್ತು. ಮುಚ್ಚಳ ಎತ್ತಿ ನೋಡಿದೆ, ಒಂದಗುಳೂ ಇರಲಿಲ್ಲ.

"ಖಾಲಿ ಪಾತ್ರೆಗ್ಯಾಕೆ ಸೀಟು ನಾಗು? ಕೊಡಿಲ್ಲಿ, ಕೆಳಗಿಡ್ತೀನಿ."

ಅವಳು ದಬರಿಯ ಮೇಲೆ ಕೈಯಿಟ್ಟಳು. ಸಿಟ್ಟಿನಿಂದಲ್ಲ. ಬಸ್ಸಿನಲ್ಲಿ ಜೊತೆಗಾರರಿಗೆಂದು ಜಾಗ ಹಿಡಿದಿರುತ್ತಾರಲ್ಲ, ಹಾಗೆ.

"ಇರ್ಲಿ ಬಿಡ್ರೀ. ಬೆಳಗ್ಗೆಯಿಂದ ನನ್ ಪಕ್ಕ ಕೂತಿದ್ದು ಇದೊಂದೇ."

ಮದ್ದೂರು ಬಂತು, ರಾಮನಗರ ಬಂತು, ಬೆಂಗಳೂರೂ ಬಂದು ಹೋಯಿತು. ನಾನು ದೊಡ್ಡಬಳ್ಳಾಪುರದವರೆಗೂ ಕಂಬಿ ಹಿಡಿದು ನಿಂತೇ ಬಂದೆ. ದಬರಿ ಕೂತುಕೊಂಡು ಬಂತು.