ಟ್ಯಾಪೆಟ್ ಸಪ್ಪಳ, ಲಾಡಿ ಮತ್ತು ಭಂಡಾರ

ರಾಯಬಾಗದಲ್ಲಿ ಟ್ರ್ಯಾಕ್ಟರ್ ಇಂಜಿನ್ ಬಿಚ್ಚಿ ಜೋಡಿಸುತ್ತಲೇ ನನ್ನ ತಲೆ ಅರ್ಧ ಬೆಳ್ಳಗಾಯಿತು. ಬೇವಿನ ನೆರಳು, ಕಬ್ಬಿನ ಮೇಲಿಂದ ಬರುವ ಗಾಳಿ. ಮಧ್ಯಾಹ್ನವಾದರೆ ಎಚ್ಚರವೋ ಕನಸೋ ನನಗೇ ತಿಳಿಯುವುದಿಲ್ಲ. ನಗು ಬರುವಂಥವು ನಡೆಯುವುದೂ ಅದೇ ಹೊತ್ತಿಗೆ.

೧. ಸಪ್ಪಳ ಹೋದ ಗಾಡಿ

ದಿಗ್ಗೇವಾಡಿಯ ರೈತರೊಬ್ಬರ ಟ್ರ್ಯಾಕ್ಟರ್ ಟಕ್ ಟಕ್ ಎನ್ನುತ್ತಿತ್ತು. ಇಂಜಿನ್ನಿನ ವಾಲ್ವ್ ಆಡಿಸುವ ಟ್ಯಾಪೆಟ್ ಸಡಿಲಾಗಿತ್ತು. ಸಂದು ಸರಿಯಾಗಿ ಹಿಡಿದು ಕೊಟ್ಟೆ. ಇಂಜಿನ್ ಮಲಗಿದ ಕೂಸಿನ ಹಾಗೆ ಉಸಿರಾಡತೊಡಗಿತು. ಮೂರು ದಿನಕ್ಕೆ ಮೋರೆ ಸಣ್ಣ ಮಾಡಿಕೊಂಡು ಮತ್ತೆ ಬಂದರು.

"ಮತ್ತ ಸಪ್ಪಳ ಬರಾಕತ್ತೇತೇನ್ರಿ?"

"ಬರವಲ್ದು, ಅದ ತ್ರಾಸ ಆಗೇತ್ರಿ. ಸಪ್ಪಳ ಕೇಳಿದ ಕೂಡ್ಲೆ ನಮ್ಮನಿಯಾಕಿ ಹಂಚಿಗೆ ರೊಟ್ಟಿ ಹಾಕತಿದ್ಲು. ಈಗ ನಾ ಬಾಗ್ಲಾಗ ನಿಂತ್ರೂ ಗೊತ್ತಾಗವಲ್ದು. ಒಂಚೂರು ಸಡ್ಲ ಬಿಡ್ರಿ."

"ಇಂಜಿನ್ ಕೆಡತೈತ್ರಿ," ಅಂದೆ.

"ಮೂರು ದಿನ ತಂಗಳ ರೊಟ್ಟಿ ತಿಂದೇನಿ ಮಿಸ್ತ್ರಿ. ನಂದೂ ಇಂಜಿನ್ನ ಅಲ್ಲೇನ್ರಿ?"

೨. ಲಾಡಿ

ವಾಲ್ವನ್ನು ಒತ್ತುವ ತೋಳನ್ನು ಕೆಳಗಿನಿಂದ ನೂಕುವ ಉಕ್ಕಿನ ಕಡ್ಡಿಗೆ ಪುಶ್ ರಾಡ್ ಅನ್ನುತ್ತಾರೆ. ಇಂಜಿನ್ನಿನ ಮೇಲ್ಭಾಗದ ಹೆಡ್ ತೇಯಿಸಿ ತೆಳ್ಳಗಾದರೆ ಹಳೆಯ ಕಡ್ಡಿ ಅದಕ್ಕೆ ಉದ್ದವಾಗಿಬಿಡುತ್ತದೆ. ಎಷ್ಟು ಉದ್ದ ಬೇಕೆಂದು ಅಳೆಯಲು ನನ್ನ ಹತ್ತಿರ ಎರಡು ತುಂಡಿನ ಕಡ್ಡಿಯೊಂದಿದೆ. ತಿರುವಿದರೆ ಉದ್ದ, ಗಿಡ್ಡ ಆಗುತ್ತದೆ.

ಅರ್ಧ ದಿನ ಇಂಜಿನ್ ಕೈಯಿಂದ ತಿರುಗಿಸಿ ನೋಡಿ, ಅಳತೆ ಹಿಡಿದು, ಆ ಅಳತೆಗೆ ನಿಲ್ಲಿಸಿದ ಕಡ್ಡಿಯನ್ನು ಹಾಗೇ ಕಟ್ಟೆಯ ಮೇಲಿಟ್ಟು ಉಂಡೆ. ಅಲ್ಲೇ ಕಣ್ಣು ಹತ್ತಿತು. ಕನಸಿನಲ್ಲಿ ಎಂಟೂ ವಾಲ್ವುಗಳು ಹಕ್ಕಿಯ ಹಾಗೆ ಏರಿ ಇಳಿಯುತ್ತಿದ್ದವು. ಎದ್ದರೆ ಕಡ್ಡಿ ಇಲ್ಲ. ಕಟ್ಟೆಯ ಕೆಳಗೆಲ್ಲ ತಡಕಾಡಿದೆ. ಅಷ್ಟರಲ್ಲಿ ಮನೆಯವಳು ಅದನ್ನು ಸೆರಗಿನಿಂದ ಒರೆಸುತ್ತ ಬಂದಳು. ಸೀರೆಯೊಳಗಿನ ಪರಕರಕ್ಕೆ ಲಾಡಿ ಪೋಣಿಸಲು ಒಯ್ದಿದ್ದಳಂತೆ. ಸಿಕ್ಕಿತಲ್ಲ ಎಂದು ಜೀವ ತಣ್ಣಗಾಯಿತು.

"ಭಾಳ ಚಲೋ ಐತ್ರಿ ಇದು," ಅಂದಳು. "ತುಸು ಗಿಡ್ಡ ಬಿತ್ತು, ತಿರುವಿ ಉದ್ದ ಮಾಡ್ಕೊಂಡ್ನಿ."

೩. ಭಂಡಾರ

ಮಂಗಸೂಳಿಯ ಒಂದು ದ್ರಾಕ್ಷಿ ತೋಟದಲ್ಲಿ ಟ್ರ್ಯಾಕ್ಟರ್ ಬಿಚ್ಚಿದ್ದೆ. ವಾಲ್ವಿನ ತುದಿಗೆ ಬಣ್ಣ ಹಚ್ಚಿ ಇಂಜಿನ್ ತಿರುಗಿಸಿದರೆ, ಅದನ್ನು ಮೇಲಿನಿಂದ ಒತ್ತುವ ರಾಕರ್ ಎಂಬ ತೋಳು ಎಲ್ಲಿ ಉಜ್ಜುತ್ತದೆಂದು ಗುರುತು ಬೀಳುತ್ತದೆ. ಗುರುತು ನಡುವೆ ಇದ್ದರೆ ಕಡ್ಡಿಯ ಉದ್ದ ಸರಿ. ಅವತ್ತು ಬಣ್ಣ ಮರೆತಿದ್ದೆ. ಗುಡಿಯಿಂದ ಪ್ರಸಾದವೆಂದು ತಂದ ಭಂಡಾರ ಮಾಲೀಕರ ಕಿಸೆಯಲ್ಲಿತ್ತು. ಆ ಅರಿಷಿಣವನ್ನೇ ಎಣ್ಣೆಯಲ್ಲಿ ಕಲಸಿ ಹಚ್ಚಿದೆ. ಬಳ್ಳಿಯ ನೆರಳಲ್ಲಿ ಎಂಟು ತುದಿಗಳೂ ಹಳದಿಯಾಗಿ ಹೊಳೆದವು. ನೋಡುತ್ತ ಹಾಗೇ ಕುಳಿತುಬಿಟ್ಟೆ.

ಹಿಂದೆ ಮಾಲೀಕರ ತಾಯಿ ಬಂದು ಚಪ್ಪಲಿ ಕಳೆದು ಕೈಮುಗಿದು ನಿಂತಿದ್ದು ಗೊತ್ತಾಗಲಿಲ್ಲ. ನಾನು ಇಂಜಿನ್ ತಿರುಗಿಸಿ, ಬಗ್ಗಿ ಗುರುತು ನೋಡಿದೆ. ಅಂಚಿಗೆ ಬಿದ್ದಿತ್ತು.

"ದೇವರು ಏನ್ ಅಂದಾನ ತಮ್ಮಾ?" ಎಂದು ಕೇಳಿದರು.

ಆ ಗುಂಗಿನಲ್ಲೇ, "ಕಡ್ಡಿ ಉದ್ದ ಆಗೇತಿ ಅಂದಾನಬೇ," ಅಂದುಬಿಟ್ಟೆ.

ಸರಿಯಾದ ಕಡ್ಡಿ ಹಾಕಿದೆ. ಇಂಜಿನ್ ಚಂದ ನಡೆಯಿತು. ಮುದುಕಿ ಊರೆಲ್ಲ ಹೇಳಿದರು. ಎರಡೇ ದಿನಕ್ಕೆ ಪಕ್ಕದ ಊರಿನಿಂದ ಒಬ್ಬರು ತೆಂಗಿನಕಾಯಿ ಹಿಡಿದು ನನ್ನ ಶೆಡ್ಡಿಗೇ ಬಂದರು.

"ಗಾಡಿ ಎಲ್ಲೈತ್ರಿ?" ಅಂದೆ.

"ಗಾಡಿ ಚಲೋ ಐತ್ರಿ. ಮಗಳಿಗೆ ಎರಡು ವರ ಬಂದಾವು. ಯಾವುದು ಸರಿ ಕೂಡತೈತಿ, ಅಷ್ಟ ದೇವರ್ನ ಕೇಳಿ ಹೇಳ್ರಿ."